ನಿಂಬೆಯಲ್ಲದ ನಿಂಬೆ

ಯಾವುದನ್ನೇ ಆಗಲಿ ಬಾಯಿಗಿಡುವಾಗ ನನ್ನ ಅತ್ತಿಗೆ ಎಡಗಣ್ಣನ್ನು ಮುಚ್ಚುತ್ತಿದ್ದರು. ಔಷಧಿ ಕಾರ್ಖಾನೆಯೊಂದರಲ್ಲಿ ಇಪ್ಪತ್ತಾರು ವರ್ಷ ಮಕ್ಕಳ ಸಿರಪ್‌ಗೆ ರುಚಿ ಕೂಡಿಸಿದವರು. ಕಹಿಯನ್ನು ಕಿತ್ತಳೆಯೆಂದು ನಂಬಿಸುವುದೇ ಅವರ ವೃತ್ತಿ. ಕಾರ್ಖಾನೆಯಲ್ಲಿ ತೊಡುವ, ಜೇಬು ಜೋತುಬಿದ್ದ ಬಿಳಿ ಕೋಟನ್ನೇ ಮನೆಯಲ್ಲೂ ತೊಟ್ಟು, ಒಲೆಯ ಮುಂದೆ ನಿಂತು, "ಉಪ್ಪು ಒಂದು ಚಿಟಿಕೆ ಜಾಸ್ತಿ, ಯಾರು ಹಾಕಿದ್ದು?" ಎಂದು ಅವರು ಕೇಳಿದರೆ ನನ್ನಣ್ಣ ತೆಪ್ಪಗೆ ಒಪ್ಪಿಕೊಳ್ಳುತ್ತಿದ್ದ. ಆ ನಾಲಿಗೆಯ ತೀರ್ಪಿಗೆ ಮೇಲ್ಮನವಿ ಇರಲಿಲ್ಲ.

ಅಂಥವರಿಗೆ ಐವತ್ತೆಂಟರಲ್ಲಿ ಮಲದೊಂದಿಗೆ ರಕ್ತ ಕಾಣಿಸಿತು. ಅವರ ತಾಯಿಯನ್ನು ಒಯ್ದದ್ದು ಕರುಳಿನ ಕ್ಯಾನ್ಸರ್. ಡಾಕ್ಟರು ಕರುಳೊಳಗೆ ಕ್ಯಾಮೆರಾ ಇಳಿಸಿ ನೋಡುವ ಕೊಲೊನೋಸ್ಕೋಪಿ ಬರೆದುಕೊಟ್ಟರು. ಹಿಂದಿನ ದಿನ ಎರಡು ಲೀಟರ್ ನೀರಿಗೆ ಪುಡಿ ಕದಡಿ, ಕಾಲುಗಂಟೆಗೊಂದು ಲೋಟದಂತೆ ಎಂಟು ಲೋಟ ಕುಡಿದು ಕರುಳು ತೊಳೆದುಕೊಳ್ಳಬೇಕು. ಪೊಟ್ಟಣದ ಮೇಲೆ 'ನಿಂಬೆ ರುಚಿ' ಎಂದಿತ್ತು.

ಸಂಜೆ ನಾಲ್ಕಕ್ಕೆ ಮೊದಲ ಲೋಟ. ಮುಚ್ಚಿದ ಎಡಗಣ್ಣು ತೆರೆಯಲು ಬಹಳ ಹೊತ್ತು ಹಿಡಿಯಿತು. "ಉಪ್ಪು," ಎಂದರು. ಎರಡನೆಯದಕ್ಕೆ, "ಅಲ್ಲ, ಸಿಹಿ." ಮೂರನೆಯದನ್ನು ಬಾಯಲ್ಲೇ ಹೊರಳಿಸಿ ನುಂಗಿದರು. ಟಾಯ್ಲೆಟ್ಟಿಗೆ ಓಡಿ ಬಂದು, ನಾಲ್ಕನೆಯದನ್ನು ಮೂಸಿ ನನ್ನತ್ತ ಚಾಚಿದರು: "ಒಂದು ಗುಟುಕು ಕುಡಿದು ಹೇಳೋ. ಇದು ಹುಳೀನಾ?"

ಕುಡಿದೆ. ಬೆವರಿನಲ್ಲಿ ನೆನೆದ ನಿಂಬೆಸಿಪ್ಪೆ, ಅದರ ಬೆನ್ನಿಗೆ ಸೋಪಿನಂಥ ಜಿಗುಟು ಸಿಹಿ. ಷಡ್ರಸಗಳಲ್ಲಿ ಯಾವುದರ ಪಂಕ್ತಿಗೂ ಸೇರದ ರುಚಿ.

"ಗೊತ್ತಾಗ್ತಿಲ್ಲ ಅತ್ತಿಗೆ."

"ನಿನಗೆ ಗೊತ್ತಾಗದಿದ್ರೆ ಪರವಾಗಿಲ್ಲ. ನನಗೆ ಗೊತ್ತಾಗ್ತಿಲ್ವಲ್ಲ!" ನಾಲಿಗೆಯನ್ನು ಹಲ್ಲಿಗೆ ಉಜ್ಜಿಕೊಂಡರು. "ಅಮ್ಮನಿಗೂ ಮೊದಲು ಕೆಟ್ಟಿದ್ದು ರುಚೀನೇ ಕಣೋ. ಸಕ್ಕರೆ ಕೊಟ್ರೆ ಮಣ್ಣು ಅಂತಿದ್ಲು."

ಹಾಗೆಂದು ಪುಡಿ ಕದಡಿದ ನೀರಿನ ಜಗ್ಗನ್ನು ದೂರ ತಳ್ಳಿ, ಅಣ್ಣನಿಗೆ ಹೇಳಿದರು: "ನಾಳೆ ಬರಲ್ಲ ಅಂತ ಆಸ್ಪತ್ರೆಗೆ ಫೋನ್ ಮಾಡ್ಬಿಡಿ."

ಮೂವತ್ತು ವರ್ಷದ ದಾಂಪತ್ಯದಲ್ಲಿ ಒಮ್ಮೆಯೂ ಎದುರಾಡದ ಅಣ್ಣ ಫೋನ್ ಮುಟ್ಟಲಿಲ್ಲ. ಲೋಟ ತುಂಬಿಸಿದ.

"ರುಚಿ ನೋಡ್ಬೇಡ. ಬರೀ ಕುಡಿ."

"ರುಚಿ ನೋಡದೆ ಕುಡಿಯೋದು ಹೇಗೆ?" ಅತ್ತಿಗೆ ವ್ಯಂಗ್ಯವಾಡುತ್ತಿರಲಿಲ್ಲ, ನಿಜಕ್ಕೂ ದಿಕ್ಕು ತೋಚದೆ, ಕಳೆದುಹೋದ ಮಗುವಿನಂತೆ ಕೇಳುತ್ತಿದ್ದರು.

"ಹೀಗೆ," ಎಂದು ಅಣ್ಣ ಎರಡು ಬೆರಳಲ್ಲಿ ಅವರ ಮೂಗು ಹಿಡಿದ. ಉಳಿದ ಲೋಟಗಳು ಹಾಗೆಯೇ ಇಳಿದವು, ಒಂದೊಂದಕ್ಕೂ ಅವರು ಕಣ್ಣೀರು ಒರೆಸಿಕೊಂಡರು.

ಮರುದಿನ ಕರುಳಿನಲ್ಲಿ ಮೆಣಸಿನಕಾಳಿನಷ್ಟು ದಪ್ಪದ ಎರಡು ಗಂಟು ಸಿಕ್ಕವು, ಅಲ್ಲೇ ಕತ್ತರಿಸಿದರು. ಕ್ಯಾನ್ಸರ್ ಅಲ್ಲ ಎಂದು ವಾರದ ನಂತರ ವರದಿ ಬಂತು. ಆ ನೀರಿನ ರುಚಿ ಯಾವುದೆಂದು ಕೇಳಿದರೆ ಅತ್ತಿಗೆ ಇಂದಿಗೂ ಬಾಯಿ ತೆರೆದು, ಏನೋ ಹೇಳಹೊರಟು, ಸುಮ್ಮನಾಗುತ್ತಾರೆ.

ಪರರ ಕಹಿಯನ್ನು ಹಗುರಗೊಳಿಸುತ್ತ ಬಾಳಿದವರು ತಮ್ಮ ಪಾಲಿನದನ್ನು ಸಲೀಸಾಗಿ ನುಂಗಿಯಾರೆಂದು ನಾವು ಎಣಿಸುತ್ತೇವೆ. ಅವರಿಗೋ ಅದು ಎಲ್ಲರಿಗಿಂತ ಹೆಚ್ಚು ಅಪರಿಚಿತ. ಆ ಗಳಿಗೆಯಲ್ಲಿ ಅವರಿಗೆ ಬೇಕಾಗುವುದು ಜಾಣರಲ್ಲ. ಏನೂ ತಿಳಿಯದಿದ್ದರೂ ಎದ್ದುಹೋಗದೆ ಪಕ್ಕದಲ್ಲೇ ಕೂತಿರುವವರು.