ಬಯಲಿನವರ ಕುಂಟಾಟ

ಬಡಗಣ ತುದಿಯಲ್ಲಿ, ಸಮುದ್ರವೂ ಹೆಪ್ಪುಗಟ್ಟುವ ಕಡೆ, ಒಂದು ಬಯಲು ರಾಜ್ಯವಿತ್ತು. ಅಲ್ಲಿ ರಾಜನಿರಲಿಲ್ಲ, ಗೋಡೆಯಿರಲಿಲ್ಲ, ಮೊಣಕಾಲೆತ್ತರದ ಗಿಡ ಕೂಡ ಇರಲಿಲ್ಲ. ಪಾಚಿ, ಕೆಸರು, ಕುರುಚಲು ಹುಲ್ಲು, ಅದರ ಮೇಲೆ ಇಡೀ ಆಕಾಶ. ಬೇಸಿಗೆಯಲ್ಲಿ ಉದ್ದಕಾಲಿನ ದಡದ ಹಕ್ಕಿಗಳು ಅಲ್ಲಿಗೆ ಬಂದು, ಎದೆಯಿಂದ ನೆಲವನ್ನು ಒತ್ತಿ ಸಣ್ಣ ಗುಳಿ ಮಾಡಿ ಮೊಟ್ಟೆಯಿಡುತ್ತಿದ್ದವು. ಚಳಿ ಶುರುವಾದರೆ ನಮ್ಮಂಥವರ ಬೆಚ್ಚನೆಯ ಕಡಲತೀರಗಳಿಗೆ ಹೊರಟುಬಿಡುತ್ತಿದ್ದವು. ನಾಲ್ಕೂ ದಿಕ್ಕು ಕಾಣುವ ಜಾಗಕ್ಕೆ ಅವು ಮನೆ ಎನ್ನುತ್ತಿದ್ದವು. ನರಿ ದೂರದಲ್ಲಿರುವಾಗಲೇ ಕಣ್ಣಿಗೆ ಬಿದ್ದರೆ ಏನಾದರೂ ಉಪಾಯ ಮಾಡಬಹುದಲ್ಲ.

ವರ್ಷಗಳು ಕಳೆದಂತೆ ಬಿಸಿಲು ಬೇಗ ಬರತೊಡಗಿತು, ನೆಲದಡಿಯ ಮಂಜುಗಡ್ಡೆ ಸಡಿಲವಾಯಿತು. ದಕ್ಷಿಣದಿಂದ ಪೊದೆಗಳು ಬಂದವು. ಬಹಳ ವಿನಯದ ಪೊದೆಗಳು. ಬೇರೂರುವ ಮುನ್ನ ಒಂದೊಂದೂ ಎಲೆ ಬಾಗಿಸಿ ಕೇಳುತ್ತಿತ್ತು: “ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಯಜಮಾನ್ರೇ.” ಈ ಮಾತು ಅಷ್ಟು ದೂರ ಹೇಗೆ ಹೋಯಿತೆಂದು ನನ್ನನ್ನು ಕೇಳಬೇಡಿ. ನಮ್ಮ ತೀರಗಳಲ್ಲಿ ಚಳಿಗಾಲ ಕಳೆಯುವ ಹಕ್ಕಿಗಳೇ ಕಲಿತುಕೊಂಡು ಹೋಗಿರಬೇಕು.

ಅಡ್ಜಸ್ಟ್ ಮಾಡಿಕೊಳ್ಳುವುದರಲ್ಲಿ ಹಕ್ಕಿಗಳದ್ದು ಎತ್ತಿದ ಕೈ. ಒಂದು ಪೊದೆಗೆ ಒಂದು ಗೇಣು, ಅದರ ಮಗುವಿಗೆ ಇನ್ನೊಂದು. ಒಲ್ಲೆ ಎಂದರೆ ಸಣ್ಣತನವಾದೀತೆಂದು ಎಲ್ಲರಿಗೂ ಸಂಕೋಚ. ಜಗಳವಾಡಿದ್ದರೆ ಏನಾಗುತ್ತಿತ್ತೋ ಹೇಳಲಾರೆ. ಪೊದೆಗಳೂ ಎಲ್ಲೋ ಒಂದು ಕಡೆ ಬೇರೂರಲೇಬೇಕಿತ್ತು. ಪ್ರತಿ ಬೇಸಿಗೆಯಲ್ಲೂ ಕೆಲವು ಸಂಸಾರಗಳು ಬರುವುದು ನಿಂತಿತು. ಯಾರೂ ಹೇಳಿ ಹೋಗಲಿಲ್ಲ. ಒಂದು ಕೂಗಿಗೆ ನೂರು ಕೂಗು ಓಗೊಡುತ್ತಿದ್ದ ಬಯಲಿನಲ್ಲಿ ಕೊನೆಗೆ ಉಳಿದದ್ದು ಒಂದೇ ಜೋಡಿ.

ಆ ವರ್ಷವೂ ವಾಡಿಕೆಯಂತೆ ಗಂಡ ಮೊದಲು ಬಂದ. ಆಕಾಶಕ್ಕೇರಿ, ನಾನು ಬಂದೆ ಎಂದು ಕೂಗಿದ. ಬಂದೆಯಾ ಎನ್ನಲು ಯಾರೂ ಇರಲಿಲ್ಲ. ಎರಡನೇ ಸಲ ಕೂಗಲು ಅವನಿಗೆ ನಾಚಿಕೆಯಾಯಿತು. ಇದನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಕೆಲವು ದಿನಗಳ ಮೇಲೆ ಬಂದ ಹೆಂಡತಿ ಗುಳಿಯ ಸುತ್ತ ಒಂದು ಸುತ್ತು ಹಾಕಿದಳು. ಎತ್ತ ನೋಡಿದರೂ ಎಲೆ.

“ಇಲ್ಲಿಂದ ಏನೂ ಕಾಣ್ಸಲ್ಲರೀ,” ಎಂದಳು.

“ನಮ್ಮಪ್ಪ ಮಾಡಿದ ಗುಳಿ ಇದು.”

“ಅವರಿಗೆ ಕಾಣಿಸ್ತಿತ್ತು.”

“ಆ ಕಡೆ ಹೋದ್ರೆ ಸಮುದ್ರ. ಎಲ್ಲಿಗೆ ಅಂತ ಹೋಗೋಣ, ನೀನೇ ಹೇಳು.”

ಅವಳಿಗೂ ಗೊತ್ತಿರಲಿಲ್ಲ. ಅದೇ ಗುಳಿಯಲ್ಲಿ ನಾಲ್ಕು ಮೊಟ್ಟೆ ಇಟ್ಟಳು. ಇಡೀ ಬಯಲಿನಲ್ಲಿ ಅವರ ಕುಲದ ಮೊಟ್ಟೆಗಳು ಇದ್ದದ್ದು ಅಷ್ಟೇ.

ಮರಿಗಳು ಚಿಪ್ಪಿನೊಳಗೆ ಮಿಸುಕಾಡತೊಡಗಿದ್ದವು. ಒಂದು ಮಧ್ಯಾಹ್ನ ಹೆಂಡತಿ ಹುಳ ಹುಡುಕಿಕೊಂಡು ದಡಕ್ಕೆ ಹೋಗಿದ್ದಳು, ಗಂಡ ಕಾವು ಕೂತಿದ್ದ. ಪೊದೆಗಳ ಸಂದಿಯಲ್ಲಿ ನರಿಯ ಮೂಗು ಕಂಡಾಗ ಅದು ತೀರ ಹತ್ತಿರ ಬಂದುಬಿಟ್ಟಿತ್ತು.

ಇಂಥ ಹೊತ್ತಿಗೆಂದೇ ಆ ಹಕ್ಕಿಗಳಲ್ಲಿ ಒಂದು ವಿದ್ಯೆಯಿತ್ತು. ಅದನ್ನು ಅವು ಕುಂಟಾಟ ಎಂದು ಕರೆಯುತ್ತಿದ್ದವು. ಗೂಡಿನಿಂದೆದ್ದು, ಒಂದು ರೆಕ್ಕೆ ಮುರಿದವರ ಹಾಗೆ ನೆಲಕ್ಕೆ ಎಳೆಯುತ್ತ, ನರಳುತ್ತ ಹೋಗಬೇಕು. ಸುಲಭದ ತುತ್ತು ಸಿಕ್ಕಿತೆಂದು ನರಿ ಬೆನ್ನು ಹತ್ತುತ್ತದೆ, ಮೊಟ್ಟೆ ಉಳಿಯುತ್ತದೆ. ಕಟ್ಟಳೆ ಒಂದೇ: ಹಿಂತಿರುಗಿ ನೋಡಕೂಡದು. ನಿಜವಾಗಿ ರೆಕ್ಕೆ ಮುರಿದವನಿಗೆ ಹಿಂದೆ ನೋಡುವ ಪುರಸೊತ್ತು ಎಲ್ಲಿರುತ್ತದೆ? ನೋಡಿದರೆ ನರಿಗೆ ಗುಟ್ಟು ಗೊತ್ತಾಗುತ್ತದೆ. ಕಿವಿಯೊಂದಿದ್ದರೆ ಸಾಕಾಗುತ್ತಿತ್ತು. ಪೊದೆಗಳು ಬರುವ ಮುಂಚಿನ ಆ ಬೋಳು ನೆಲದಲ್ಲಿ ಬೆನ್ನ ಹಿಂದೆ ಸರಬರ ಎಂದರೆ ಅದು ನರಿಯೇ. ಸದ್ದು ಮಾಡಲು ಬೇರೇನೂ ಇರುತ್ತಿರಲಿಲ್ಲ.

ಗಂಡ ರೆಕ್ಕೆ ಚೆಲ್ಲಿಕೊಂಡು ಹೊರಟ. ಅವನನ್ನು ನೋಡಿ ಪೊದೆಗಳು ಮರುಗಿದವು.

“ಪಾಪ, ಯಜಮಾನ್ರಿಗೆ ರೆಕ್ಕೆ ಮುರಿದಿದೆ. ದಾರಿ ಬಿಡ್ರಪ್ಪ,” ಎಂದಿತು ಹಿರಿಯ ಪೊದೆ.

ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವು ಬಾಗಿ ಅವನಿಗೆ ಜಾಗ ಮಾಡಿಕೊಟ್ಟವು. ಅವನು ದಾಟಿದ ಮೇಲೆ ಮತ್ತೆ ಕೂಡಿಕೊಂಡವು. ಬೆನ್ನ ಹಿಂದೆ ಸರಬರ ಕೇಳಿತು. ಬಂತು, ಹಿಂದೆಯೇ ಬಂತು ಎಂದುಕೊಂಡು ಅವನು ಇನ್ನಷ್ಟು ಚೆನ್ನಾಗಿ ಕುಂಟಿದ. ಸದ್ದು ಒಂದು ಗಳಿಗೆಯೂ ನಿಲ್ಲಲಿಲ್ಲ. ಇಷ್ಟು ಹಟಮಾರಿ ನರಿಯನ್ನು ಅವನು ಕಂಡಿರಲಿಲ್ಲ.

ಹೀಗೇ ದಡದವರೆಗೂ ಬಂದ. ಹೆಂಡತಿ ಕೆಸರಿನಲ್ಲಿ ಕೊಕ್ಕು ಆಡಿಸುತ್ತಿದ್ದವಳು ತಲೆಯೆತ್ತಿದಳು. ಅವನ ಎದೆಯೆಲ್ಲ ಕೆಸರಾಗಿತ್ತು, ಎಳೆದೂ ಎಳೆದೂ ರೆಕ್ಕೆ ತರಚಿ ಹೋಗಿತ್ತು. ಮುಖದಲ್ಲಿ ಮಾತ್ರ ಗೆದ್ದವನ ಕಳೆ.

“ಸುಮ್ನಿರು, ಕೂಗಬೇಡ,” ಎಂದ ತಲೆ ತಿರುಗಿಸದೆ, ಪಿಸುದನಿಯಲ್ಲಿ. “ನರಿ ಬಂದಿತ್ತು. ಗೂಡಿನ ಹತ್ರದಿಂದ ಇಲ್ಲೀವರೆಗೂ ಎಳ್ಕೊಂಡು ಬಂದಿದೀನಿ. ಹಿಂದೇನೇ ಇದೆ, ಅಲ್ವಾ?”

ಹೆಂಡತಿ ಅವನ ಬೆನ್ನ ಹಿಂದೆ ನೋಡಿದಳು. ಗಾಳಿಗೆ ಎಲೆಗಳು ಒಂದಕ್ಕೊಂದು ಉಜ್ಜುತ್ತಿದ್ದವು. ನರಿ ಎಲ್ಲೂ ಇರಲಿಲ್ಲ. ಅವಳು ಬಹಳ ಹೊತ್ತು ಗೂಡಿದ್ದ ದಿಕ್ಕನ್ನೇ ನೋಡಿದಳು.

“ಇದೆ,” ಎಂದಳು. ಆಮೇಲೆ ತಾನೂ ಒಂದು ರೆಕ್ಕೆಯನ್ನು ನೆಲಕ್ಕೆ ಚೆಲ್ಲಿ ಅವನ ಪಕ್ಕಕ್ಕೆ ಬಂದಳು. “ಇನ್ನೂ ಸ್ವಲ್ಪ ದೂರ ಹೋಗೋಣ, ಬನ್ನಿ.”