ಸಾಯದವರ ಬಾಕಿ

ನಮ್ಮೂರಲ್ಲಿ ಗಂಡ ಹೆಂಡಿರಲ್ಲಿ ಒಬ್ಬರು ಸತ್ತರೆ ಸಮಾಧಿಕಲ್ಲಿನ ಮೇಲೆ ಇಬ್ಬರ ಹೆಸರನ್ನೂ ಕೆತ್ತುತ್ತೇವೆ. ಇಬ್ಬರ ಫೋಟೋವನ್ನೂ ಕೂರಿಸುತ್ತೇವೆ. ಬದುಕಿ ಉಳಿದವರ ಹುಟ್ಟಿದ ವರ್ಷ ಬರೆದು, ಒಂದು ಗೆರೆ ಎಳೆದು, ಮುಂದಕ್ಕೆ ಜಾಗ ಬಿಡುತ್ತೇವೆ. ವಿಧವೆಯರು ಶನಿವಾರ ಬಂದು ಗಂಡನ ಫೋಟೋ ಒರೆಸುವಾಗ ಪಕ್ಕದಲ್ಲಿರುವ ತಮ್ಮ ಮುಖವನ್ನೂ ಒರೆಸಿಕೊಂಡು ಹೋಗುತ್ತಾರೆ. ಇದರಿಂದ ಯಾರಿಗೂ ತೊಂದರೆಯಿರಲಿಲ್ಲ, ದೆಸಿಸ್ಲಾವ್ ಬರುವವರೆಗೆ.

ದೆಸಿಸ್ಲಾವ್ ನಮ್ಮ ಕಲ್ಲಿನ ಕಾರ್ಖಾನೆಯ ಧಣಿ ಹರಲಂಪಿಯ ಅಕ್ಕನ ಮಗ. ರಾಜಧಾನಿ ಸೋಫಿಯಾದಲ್ಲಿ ಓದಿದವನು. ಬೇರೆಯವರ ಕೈಲಿ ಕೆಲಸ ಮಾಡಿಸುವುದು ಹೇಗೆ ಎನ್ನುವುದನ್ನು ಐದು ವರ್ಷ ಓದಿದ್ದನಂತೆ. ಬಂದವನೇ ಧೂಳಿನ ನಡುವೆ ಗೋಡೆಗೆ ಒಂದು ದೊಡ್ಡ ಟೀವಿ ಹೊಡೆಸಿದ. ಮುಗಿದ ಕೆಲಸ ಹಸಿರು, ನಡೆಯುತ್ತಿರುವುದು ಹಳದಿ, ತಡವಾದದ್ದು ಕೆಂಪು. ಹಳೆಯ ಆರ್ಡರುಗಳನ್ನೆಲ್ಲ ಅದಕ್ಕೆ ತಿನ್ನಿಸಿದ ಮರುದಿನ ನೋಡಿದರೆ ಟೀವಿಯ ತುಂಬ ರಕ್ತ. ಅಷ್ಟೂ ನನ್ನ ಹೆಸರಿನಲ್ಲಿ. ಅಲ್ಲಿ ಅಕ್ಷರ ಕೆತ್ತುವವನು ನಾನೊಬ್ಬನೇ.

"ರಾಂಗೆಲ್, ಇಷ್ಟೊಂದು ಬಾಕಿ ಇಟ್ಕೊಂಡು ಅದೆಂಗೆ ನಿದ್ದೆ ಬರುತ್ತಯ್ಯಾ ನಿಂಗೆ?" ಅಂದ ದೆಸಿಸ್ಲಾವ್.

"ಅದು ಬಾಕಿ ಅಲ್ಲ. ಅವರು ಇನ್ನೂ ಸತ್ತಿಲ್ಲ."

"ಅದೇ. ಯಾಕೆ ತಡ?"

"ಯಾಕೆ ಅಂದ್ರೆ? ಬದುಕಿದಾರೆ!"

"ನೀನು ಹೋಗಿ ವಿಚಾರಿಸಿದೀಯಾ?"

ನನ್ನ ಕೈಯಲ್ಲಿ ಸುತ್ತಿಗೆಯಿತ್ತು. ಮೆಲ್ಲಗೆ ಕೆಳಗಿಟ್ಟೆ. ಆ ವರ್ಷ ನಾನು ಮಾಡಿದ ಪುಣ್ಯದ ಕೆಲಸ ಅದೊಂದೇ.

"ಹೋಗ್ಲಿ ಬಿಡು. ಇನ್ಮೇಲೆ ಸಿಸ್ಟಮ್ಮೇ ವಿಚಾರಿಸುತ್ತೆ. ಟೀವಿಲಿ ಸಾಲು ಹಸಿರಾದ ಒಂದು ಗಂಟೆಗೆ ಮನೆಯೋರಿಗೆ ಸಂತಾಪದ ಮೆಸೇಜೂ ಅದೇ ಕಳಿಸುತ್ತೆ. ಯಾರೂ ಏನೂ ಮಾಡ್ಬೇಕಾಗಿಲ್ಲ."

ಸಾಯುವುದೊಂದನ್ನು ಬಿಟ್ಟು.

ಹರಲಂಪಿಗೆ ಟೀವಿಯಲ್ಲಿ ಬಣ್ಣ ಬಿಟ್ಟು ಬೇರೇನೂ ಕಾಣಿಸುತ್ತಿರಲಿಲ್ಲ. ಕನ್ನಡಕ ಹಾಕಿದರೆ ವಯಸ್ಸಾಯಿತು ಎನ್ನುತ್ತಾರೆಂದು ಹಾಕುತ್ತಿರಲಿಲ್ಲ. ಆದರೆ ಕೆಂಪು ಕಂಡರೆ ಗೂಳಿಯ ಹಾಗೆ. "ಪಿತೃಗಳ ಶನಿವಾರದೊಳಗೆ ಈ ಕೆಂಪು ಹೋಗ್ಬೇಕು. ಇಲ್ಲಾಂದ್ರೆ ನೀನು ಹೋಗ್ಬೇಕು. ಅಕ್ಷರ ಕೆತ್ತೋ ಮಿಷನ್ನು ನೋಡಿಟ್ಟಿದೀನಿ," ಅಂದ.

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಈ ಕೆಲಸ ಹೋದರೆ ನನ್ನ ಅಣ್ಣನ ಹಾಗೆ ಜರ್ಮನಿಯ ಹೊಲದಲ್ಲಿ ಬಗ್ಗಿಕೊಂಡು ಯಾರದೋ ಊಟಕ್ಕೆ ತರಕಾರಿ ಕೀಳಬೇಕು. ಅವನ ಸೊಂಟ ಈಗ ಅಲ್ಲಿನ ಕೆಲಸಕ್ಕೂ ಆಗದು, ಇಲ್ಲಿನ ಕೆಲಸಕ್ಕೂ ಆಗದು. ಮನಸ್ಸಿನಲ್ಲೇ ಬೈದುಕೊಂಡು, ಕೆಂಪು ಪಟ್ಟಿಯಲ್ಲಿದ್ದ ವಿಧವೆ ಪೆನಾ ಅಜ್ಜಿಯ ಮನೆಗೆ ಹೊರಟೆ.

ಅಜ್ಜಿ ಅಂಗಳದಲ್ಲಿ ಪೀಪಾಯಿಯೊಳಗೆ ಮೊಣಕೈವರೆಗೆ ಕೈ ಹಾಕಿ, ಚಳಿಗಾಲಕ್ಕೆಂದು ಕೋಸನ್ನು ಉಪ್ಪುನೀರಿಗೆ ಒತ್ತುತ್ತಿದ್ದಳು.

"ಬಂದ್ಯಾ? ಅಳತೆ ತಗೊಳಕ್ಕೆ ಬಂದಿದೀಯೇನೋ!" ಎಂದು ನಕ್ಕಳು. "ನಿಮ್ಮ ಮೆಸೇಜು ದಿನಾ ಬರ್ತಾ ಇದೆ ಕಣೋ. 'ಮಾನ್ಯ ಪೆನಾ ಅವರೇ, ನಿಮ್ಮ ಆರ್ಡರು ಅಪೂರ್ಣವಾಗಿದೆ, ಅಂತಿಮ ದಿನಾಂಕ ತಿಳಿಸಿ.' ಕೋಸು ಹುಳಿ ಬರೋವರೆಗೂ ಆಗಲ್ಲ ಅಂತ ಬರೆದೆ. 'ಧನ್ಯವಾದ, ನಾಳೆ ಮತ್ತೆ ನೆನಪಿಸುತ್ತೇವೆ' ಅಂತು. ನನ್ನ ಸೊಸೆಗಿಂತ ಮರ್ಯಾದಸ್ಥ."

ನಾನು ನಡೆದದ್ದನ್ನೆಲ್ಲ ಹೇಳಿದೆ. ದೆಸಿಸ್ಲಾವ್ 'ಯಾಕೆ ತಡ' ಅಂದಿದ್ದನ್ನೂ ಹೇಳಿದೆ. ಅಜ್ಜಿ ಕೈ ಒರೆಸಿಕೊಂಡಳು.

"ನಿನ್ನ ಕೆಲಸ ಉಳಿಯುತ್ತೆ ಅಂದ್ರೆ ಯಾವ್ದೋ ಒಂದು ತಾರೀಕು ಕೆತ್ಕೋ ಹೋಗು."

"ಅಜ್ಜಿ..."

"ಆದ್ರೆ ಆ ಕಲ್ಲಿನ ಕೆಳಗೆ ನನ್ನ ಗಂಡ ಸ್ತೋಯಿಲ್ ಮಲಗಿದಾನಲ್ಲ. ಬಂದ್ಲು ಅಂದ್ಕೊಂಡು ಕಾಯ್ತಾನೆ. ಬದುಕಿದ್ದಾಗಲೂ ಹಾಗೇ, ಊಟಕ್ಕೆ ನಾನು ಕೂರೋವರೆಗೂ ಚಮಚ ಮುಟ್ತಿರ್ಲಿಲ್ಲ ಪಾಪ."

ಪೀಪಾಯಿಗೆ ಮುಚ್ಚಳ ಹಾಕಿದಳು. ಆಮೇಲೆ ತಲೆಯೆತ್ತಿ, "ಅಲ್ವೋ, ಹರಲಂಪಿ ಹೆಂಡ್ತಿ ಕಲ್ಲಿನ ಮೇಲೆ ಅವನ ಫೋಟೋನೂ ಇದೆಯಲ್ಲ? ಅವನಿಗೂ ಬಂತಾ ಮೆಸೇಜು?" ಅಂದಳು.

ನಾನು ವಾಪಸು ಓಡಿದೆ. ಟೀವಿಯ ಹತ್ತಿರ ಹೋಗಿ ನೋಡಿದರೆ ಮೊದಲ ಕೆಂಪು ಸಾಲೇ ಧಣಿಯದು. ಅವನ ಮೆಸೇಜುಗಳನ್ನೆಲ್ಲ ದೆಸಿಸ್ಲಾವ್ ನೋಡಿಕೊಳ್ಳುತ್ತಿದ್ದ, ಅಂದರೆ ಯಾರೂ ನೋಡುತ್ತಿರಲಿಲ್ಲ.

"ಧಣಿ, ಕೆಂಪು ಅಷ್ಟನ್ನೂ ಮುಗಿಸ್ಬೇಕಾ?" ಎಂದು ಕೇಳಿದೆ.

"ಅಷ್ಟನ್ನೂ."

"ಬೇಕಾದೋರು, ಹತ್ತಿರದೋರು ಅಂತ ಯಾರನ್ನೂ ಬಿಡೋ ಹಾಗಿಲ್ವಾ?"

"ಸಿಸ್ಟಮ್ ಮುಂದೆ ಎಲ್ಲರೂ ಒಂದೇ ಕಣೋ! ಹೋಗಿ ಮೇಲಿಂದ ಶುರು ಮಾಡು!"

ಮೇಲಿಂದಲೇ ಶುರು ಮಾಡಿದೆ. ಶುಕ್ರವಾರ ಹಾಡುಹಗಲಲ್ಲಿ ಸ್ಮಶಾನಕ್ಕೆ ಹೋಗಿ, ಗೆರೆಯ ಮುಂದೆ ಮರುದಿನದ ತಾರೀಕನ್ನು ಕೆತ್ತಿದೆ. ಸುಳ್ಳು ಹೇಳುವುದಿಲ್ಲ, ನನ್ನ ಜನ್ಮದಲ್ಲಿ ಅಷ್ಟು ಅಂದವಾದ ಅಂಕಿ ಕೆತ್ತಿರಲಿಲ್ಲ. ಶನಿವಾರ ಬೆಳಿಗ್ಗೆ ಸ್ಮಶಾನಕ್ಕೆ ಹೊರಡುವ ಮುನ್ನ ಅದನ್ನೇ ಸಿಸ್ಟಮ್ಮಿಗೂ ಒತ್ತಿದೆ. ಟೀವಿಯಲ್ಲಿ ಧಣಿಯ ಸಾಲು ಹಸಿರಾಯಿತು.

ಪಿತೃಗಳ ಶನಿವಾರ ಊರೆಲ್ಲ ಸ್ಮಶಾನದಲ್ಲಿರುತ್ತದೆ. ಬೇಯಿಸಿದ ಗೋಧಿ, ಬ್ರೆಡ್ಡು, ವೈನು ಹಂಚುವುದು, ಸತ್ತವರ ಹೆಸರು ಹೇಳಿ 'ದೇವರು ಕ್ಷಮಿಸಲಿ' ಎನ್ನುವುದು. ಹೆಂಡತಿಯ ಕಲ್ಲಿನ ಮುಂದೆ ಮೇಣದಬತ್ತಿ ಹಚ್ಚಲು ಬಗ್ಗಿದ ಹರಲಂಪಿ ಬಗ್ಗಿದ ಹಾಗೆಯೇ ಉಳಿದುಬಿಟ್ಟ. ಅಷ್ಟು ಹತ್ತಿರದಿಂದ ಕನ್ನಡಕವಿಲ್ಲದೆ ಅವನಿಗೂ ತಾರೀಕು ಓದಲಾಯಿತು. ಪಕ್ಕದಲ್ಲಿದ್ದ ದೆಸಿಸ್ಲಾವನ ಫೋನು ಕುಂಯ್ ಅಂದಿತು. 'ನಿಮ್ಮ ಪ್ರೀತಿಯ ಮಾವನವರ ಅಗಲಿಕೆಗೆ ನಮ್ಮ ಸಂತಾಪ.'

"ಯಾವನೋ ಇದು ಮಾಡಿದ್ದು?"

"ನಾನೇ ಧಣಿ. ಮೇಲಿಂದ ಶುರು ಮಾಡು ಅಂದ್ರಲ್ಲ."

ಜನ ಸುತ್ತಿಕೊಂಡರು. ಪೆನಾ ಅಜ್ಜಿ ಗೋಧಿಯ ಬಟ್ಟಲು ಮುಂದಕ್ಕೆ ಹಿಡಿದಳು. "ದೇವರು ಕ್ಷಮಿಸಲಿ. ತಗೋ ಹರಲಂಪಿ, ನಿನ್ನ ಹೆಸರಲ್ಲೇ ಹಂಚ್ತಾ ಇದೀನಿ."

"ನಾನು ಬದುಕಿದೀನಿ ಕಣೇ ಮುದುಕಿ!"

"ಅದೇ ಮತ್ತೆ. ಯಾಕೆ ತಡ?"

ಜನ ನಕ್ಕ ಸದ್ದಿಗೆ ಪಾದ್ರಿಯೂ ಪ್ರಾರ್ಥನೆ ನಿಲ್ಲಿಸಿದ. ಹರಲಂಪಿ ನನ್ನ ಕಡೆ ಬೆರಳು ತೋರಿಸಿ ಕೂಗಿದ: "ಕೆಲಸದಿಂದ ತೆಗೆದುಹಾಕು ಇವನನ್ನ! ಈಗಲೇ, ಇಲ್ಲೇ!"

ದೆಸಿಸ್ಲಾವ್ ಫೋನನ್ನು ಒತ್ತಿದ. ಮತ್ತೆ ಒತ್ತಿದ.

"ಮಾವಾ, ಆಗ್ತಾ ಇಲ್ಲ. ಧಣಿ ಒಪ್ಪಿಗೆ ಬೇಕಂತೆ."

"ಒಪ್ಪಿದೀನಿ ಹಾಕೋ!"

"ಒಪ್ಪಿದೀನಿ ಅಂತಾನೂ ಹಾಕ್ದೆ. ತೀರಿಕೊಂಡೋರ ಒಪ್ಪಿಗೆ ನಡೆಯಲ್ಲ ಅಂತಿದೆ."

ಹರಲಂಪಿ ಸಮಾಧಿಯ ಪಕ್ಕದ ಬೆಂಚಿನ ಮೇಲೆ ಕೂತ. ಯಾರೋ ಕೈಗೆ ವೈನು ಕೊಟ್ಟರು. ತನ್ನದೇ ಹೆಸರಿನಲ್ಲಿ ಹಂಚಿದ ವೈನನ್ನು ಅವನು ಕುಡಿದ.

"ಅಳಿಸೋ ಅದನ್ನ," ಅಂದ, ಕೊನೆಗೆ.

"ಕಲ್ಲಿಗೆ ರಬ್ಬರು ಇಲ್ಲ ಧಣಿ. ಮೇಲಿನ ಪದರಾನೇ ಉಜ್ಜಿ ತೆಗೆದು ಎರಡು ಹೆಸರನ್ನೂ ಹೊಸದಾಗಿ ಕೆತ್ಬೇಕು. ನಿಮ್ಮ ಮಿಷನ್ನು ಇನ್ನೂ ಬಂದಿಲ್ಲ."

"ಮಾಡು ಹಾಗಾದ್ರೆ."

"ಮೊದ್ಲು ಟೀವಿ ಇಳಿಸಿ."

ಸೋಮವಾರ ಟೀವಿ ಇಳಿಯಿತು. ದೆಸಿಸ್ಲಾವನೇ ಬೆನ್ನ ಮೇಲೆ ಹೊತ್ತು ಕಾರಿಗೆ ಹಾಕಿದ. ಅವನು ಕೆಲಸ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಕಲ್ಲನ್ನು ತಂದು ಉಜ್ಜಿ, ಇಬ್ಬರ ಹೆಸರನ್ನೂ ಕೆತ್ತಿ, ಧಣಿಯ ಹುಟ್ಟಿದ ವರ್ಷ ಬರೆದು, ಗೆರೆ ಎಳೆದು, ಮುಂದಕ್ಕೆ ಜಾಗ ಬಿಟ್ಟೆ. ಪೆನಾ ಅಜ್ಜಿಗೆ ಬಿಟ್ಟದ್ದಕ್ಕಿಂತ ಸ್ವಲ್ಪ ಕಡಿಮೆಯೇ ಬಿಟ್ಟೆ.