ಬಣ್ಣಕ್ಕೂ ನನಗೂ ನಡುವಿನ ನೀರು

ನಾನು ಹುಟ್ಟಿದ್ದು ಒಂದು ಕಾರ್ಖಾನೆಯ ಬಿಸಿ ಯಂತ್ರದ ಬಾಯಲ್ಲಿ. ಹಳದಿ ಬಣ್ಣ, ಅಂಗೈಯಗಲ, ಮಕ್ಕಳು ಗೊಂಬೆ ಮಾಡುವ ಮಣ್ಣಿನಂಥ ಮೆತ್ತನೆಯ ಮೈ. ಎಲ್ಲರೂ ನನ್ನನ್ನು ಕ್ಲೇ ಎನ್ನುತ್ತಾರೆ. ಎಷ್ಟು ತೊಳೆದರೂ ಕಾರಿನ ಬಣ್ಣಕ್ಕೆ ಕಚ್ಚಿಕೊಂಡು ಕೂತಿರುವ, ಬೆರಳಾಡಿಸಿದರೆ ರವೆಯಂತೆ ತಾಗುವ ಕೊಳೆಯಿದೆಯಲ್ಲ, ಅದನ್ನು ನನ್ನೊಳಗೆ ಎಳೆದುಕೊಳ್ಳುವುದು ನನ್ನ ಕೆಲಸ. ಆದರೆ ಒಣ ಬಣ್ಣದ ಮೇಲೆ ನನ್ನನ್ನು ಆಡಿಸಬಾರದು. ನಮ್ಮಿಬ್ಬರ ನಡುವೆ ಜಾರುವಂಥ ನೀರು ಇರಲೇಬೇಕು. ಅದು ಆರಿತೋ, ನಾನು ಕೊಳೆ ತೆಗೆಯುವುದಿಲ್ಲ, ಗೀರು ಎಳೆಯುತ್ತೇನೆ.

ಡಬ್ಬಿಯಲ್ಲಿ ಕೂತು ನಾನು ಬಂದದ್ದು ಹೊಸಪೇಟೆಗೆ. ಸಂಡೂರಿನ ಕಡೆ ಹೋಗುವ ರಸ್ತೆಯಲ್ಲಿ ಗವಿಸಿದ್ದಪ್ಪನ ಕಾರು ತೊಳೆಯುವ ಅಂಗಡಿ. ಅದಿರಿನ ಕೆಂಪು ಧೂಳು ಹೊತ್ತ ಕಾರುಗಳು ದಿನಾ ಬರುತ್ತಿದ್ದವು. ನನ್ನನ್ನು ಡಬ್ಬಿಯಿಂದ ತೆಗೆದು ಮೊದಲು ಹಿಸುಕಿದವನು ಹೊನ್ನೂರಪ್ಪ. ಹನ್ನೊಂದು ವರ್ಷದಿಂದ ಆ ಅಂಗಡಿಯಲ್ಲಿ ಕ್ಲೇ ಹಿಡಿಯುವವನು ಅವನೊಬ್ಬನೇ. ಬಕೇಟು ನೀರಿಗೆ ಎರಡು ಮುಚ್ಚಳ ಕಾರಿನ ಶಾಂಪೂ ಸುರಿದು, ಕೈಯಿಂದ ಕಲಕಿ, ಬಣ್ಣದ ಮೇಲೆ ಎರಚಿ ನನ್ನನ್ನು ಓಡಿಸುತ್ತಿದ್ದ. ಬೇರೆ ಯಾವ ನೀರನ್ನೂ ಅವನು ನಂಬುತ್ತಿರಲಿಲ್ಲ.

ಅಂಗಡಿಗೆ ಹುಲಿಗೆಮ್ಮ ಬಂದದ್ದು ಕಾರು ಒರೆಸಲಿಕ್ಕೆ. ಅದಕ್ಕೂ ಮೊದಲು ಹದಿನಾಲ್ಕು ವರ್ಷ ಅವಳು ಪೇಟೆಯಲ್ಲಿ ಸೀರೆ ಪಾಲಿಶ್ ಮಾಡುವ ಅಂಗಡಿಯಲ್ಲಿದ್ದವಳು. ಆ ಅಂಗಡಿ ಮುಚ್ಚಿತು. ರೇಷ್ಮೆಯ ಯಾವ ಎಳೆ ಬಿಗಿದಿದೆ, ಯಾವುದು ಸಡಿಲಾಗಿದೆ ಎಂದು ಕಣ್ಣು ಮುಚ್ಚಿ ಹೇಳುವ ಬೆರಳು ಅವಳದು. ಒಮ್ಮೆ ಹೊನ್ನೂರಪ್ಪ ಜ್ವರ ಬಂದು ಮೂರು ದಿನ ಮಲಗಿದಾಗ ಗವಿಸಿದ್ದಪ್ಪ ಬೇರೆ ದಾರಿಯಿಲ್ಲದೆ ನನ್ನನ್ನು ಅವಳ ಕೈಗೆ ಕೊಟ್ಟ. ಅವಳು ನನ್ನನ್ನು ಒತ್ತಲಿಲ್ಲ. ನೀರಿನ ಮೇಲೆ ತೇಲಿಸಿದಳು. ಒಂದು ಗೇಣು ಉಜ್ಜುವುದು, ತಿರುಗಿಸಿ ನೋಡುವುದು, ಕೊಳೆಯ ಮುಖವನ್ನು ಒಳಗೆ ಮಡಚುವುದು. ಆ ಮೂರು ದಿನ ನನಗೆ ಮೈಯ ಭಾರವೇ ತಿಳಿಯಲಿಲ್ಲ.

ನಾಲ್ಕನೆಯ ದಿನ ಹೊನ್ನೂರಪ್ಪ ಬಂದಾಗ ಗಿರಾಕಿಯೊಬ್ಬ ಅವನ ಎದುರಿಗೇ ಕೇಳಿದ: "ಮೊನ್ನೆ ಮಾಡಿದ್ರಲ್ಲ ಆ ಅಮ್ಮ, ಅವ್ರು ಇಲ್ಲೇನ್ರಿ?"

ಹೊನ್ನೂರಪ್ಪ ಬಕೇಟು ಎತ್ತಿಕೊಂಡು ಕಾರಿನ ಆಚೆಗೆ ಹೋದ. ಆ ದಿನ ಅವನ ಹೆಬ್ಬೆರಳು ನನ್ನ ಮೈಯಲ್ಲಿ ಆಳವಾದ ಗುಳಿ ಮಾಡಿತು.

ವಾರ ಕಳೆಯುವುದರೊಳಗೆ ಗವಿಸಿದ್ದಪ್ಪ, "ಆ ಕ್ಲೇ ಅರ್ಧ ಮಾಡಿ ಆಕಿಗೂ ಒಂದ್ ತುಂಡು ಕೊಡು" ಎಂದ. ಹೊನ್ನೂರಪ್ಪ ಚಾಕುವಿನಿಂದ ಕತ್ತರಿಸಿದ. ದೊಡ್ಡ ತುಂಡು ತನಗಿಟ್ಟುಕೊಂಡ. ಅದು ನಾನು. ಚಿಕ್ಕದು ಅವಳ ಪಾಲಾಯಿತು. ಮೊನ್ನೆಯವರೆಗೆ ನನ್ನದೇ ಮೈಯಾಗಿದ್ದದ್ದು ಅವಳ ಮುಚ್ಚಳದ ಡಬ್ಬಿಯಲ್ಲಿ, ಒದ್ದೆ ಬಟ್ಟೆಯ ಮೇಲೆ ಮಲಗತೊಡಗಿತು. ನಾನು ಹೊನ್ನೂರಪ್ಪನ ಪ್ಯಾಂಟಿನ ಜೇಬಿನಲ್ಲಿ, ಬೀಡಿ ಕಟ್ಟಿನ ಪಕ್ಕ. ಅವನಿಗೆ ಅವಳ ಮೇಲೆ ಹೊಟ್ಟೆಕಿಚ್ಚು, ನನಗೆ ಆ ತುಂಡಿನ ಮೇಲೆ. ನಾವಿಬ್ಬರೂ ಒಂದೇ ಜೇಬಿನಲ್ಲಿ ಬೇಯುತ್ತಿದ್ದೆವು.

ಹುಲಿಗೆಮ್ಮ ನೀರಿನ ಹಿಂದೆ ಬಿದ್ದಳು. ಗೋಡೆಗೆ ಒರಗಿಸಿಟ್ಟಿದ್ದ ಹಳೆಯ ಕಾರಿನ ಬಾಗಿಲೊಂದು ಇತ್ತು. ಬಿಡುವಾದಾಗಲೆಲ್ಲ ಅದರ ಮುಂದೆ ಕೂರುತ್ತಿದ್ದಳು. ಸೋಪಿನ ಪುಡಿಯ ನೀರು, ಶಾಂಪೂ ಕಡಿಮೆ ಹಾಕಿದ ನೀರು, ಹೆಚ್ಚು ಹಾಕಿದ ನೀರು, ಕಂಪನಿಯ ಮಾರಾಟದವನು ನಮೂನೆಗೆಂದು ಕೊಟ್ಟು ಹೋಗಿದ್ದ ನೀಲಿ ದ್ರವ. ಒಂದೊಂದನ್ನೂ ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ನೋಡುವಳು. ಬಾಗಿಲ ಮೇಲೆ ಸುರಿದು, ಬಿಸಿಲಿಗೆ ಎಷ್ಟು ಹೊತ್ತಿಗೆ ಆರುತ್ತದೆಂದು ಕಾಯುವಳು. ಸೋಪಿನ ಪುಡಿ ತನ್ನ ತುಂಡಿನ ಅಂಚನ್ನು ಉದುರಿಸುತ್ತದೆ ಎಂದು ಮೊದಲ ದಿನವೇ ಬಿಟ್ಟಳು. ಕೊನೆಗೆ ನೀಲಿ ದ್ರವವನ್ನು ಆರಿಸಿ, ಸ್ಪ್ರೇ ಬಾಟಲಿ ನೀರಿಗೆ ಒಂದು ಮುಚ್ಚಳ ಬೆರೆಸಿಕೊಂಡಳು.

"ಅಣ್ಣಾರ, ಇದು ಲಗೂನ ಆರಂಗಿಲ್ಲ. ನೀವೂ ನೋಡ್ರಿ" ಎಂದು ಬಾಟಲಿ ಚಾಚಿದಳು.

"ಹನ್ನೊಂದ್ ವರ್ಷ ನಾ ಏನ್ ಕಾರಿಗೆ ಉಗುಳಿ ಉಜ್ಜೀನೇನು?" ಎಂದು ಹೊನ್ನೂರಪ್ಪ ಮುಖ ತಿರುವಿದ.

ಆ ಹೊತ್ತಿಗೆ ಒಂದು ಕಂಪನಿ ತನ್ನ ಹನ್ನೆರಡು ಕಾರುಗಳನ್ನು ವರ್ಷವಿಡೀ ಇದೇ ಅಂಗಡಿಗೆ ಕೊಡುವ ಮಾತಾಡಿತು. ಮೊದಲು ಕೆಲಸ ನೋಡಲೆಂದು ಒಂದು ಕಪ್ಪು ಕಾರು ಕಳಿಸಿತು. ಕಪ್ಪು ಬಣ್ಣ ಏನನ್ನೂ ಮುಚ್ಚಿಡುವುದಿಲ್ಲ. ಗವಿಸಿದ್ದಪ್ಪ ಬಾನೆಟ್ಟಿನ ನಡುವೆ ಟೇಪು ಅಂಟಿಸಿದ. "ಈ ಕಡೆ ಹೊನ್ನೂರಪ್ಪ, ಆ ಕಡೆ ಹುಲಿಗೆಮ್ಮ. ಯಾರ ನೀರು ಚಲೋ, ಅದನ್ನ ಇಡೋಣು. ಚಲೋ ಮಾಡ್ದೋರ ಕೈಯಾಗ ಹನ್ನೆರಡೂ ಕಾರು."

ಊಟದ ಹೊತ್ತು. ಹುಲಿಗೆಮ್ಮ ಬುತ್ತಿ ಬಿಚ್ಚಿಕೊಂಡು ಹಿತ್ತಲಿಗೆ ಹೋಗಿದ್ದಳು. ಹೊನ್ನೂರಪ್ಪ ನನ್ನನ್ನು ಸ್ಟೂಲಿನ ಮೇಲಿಟ್ಟು ಅವಳ ಬಾಟಲಿ ತೆಗೆದ. ಅರ್ಧ ಚರಂಡಿಗೆ ಸುರಿದ. ಗಾಜು ಒರೆಸುವ ದ್ರವವೂ ನೀಲಿಯೇ. ಅದನ್ನು ಕತ್ತಿನವರೆಗೆ ತುಂಬಿದ. ಅದು ಬಣ್ಣದ ಮೇಲೆ ಕ್ಷಣದಲ್ಲಿ ಆರುತ್ತದೆ, ನಮ್ಮ ಜಾತಿಯ ಮೈಯನ್ನು ಅಂಟಂಟು ಮಾಡಿ ಕಾರಿಗೆ ಮೆತ್ತಿಸುತ್ತದೆ. ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆ ಚಿಕ್ಕ ತುಂಡು ಕರಗಿ ಹಾಳಾಗುವುದನ್ನು ನೆನೆದು ನನಗೆ ತಂಪಾಯಿತು. ಬಾಯಿದ್ದಿದ್ದರೂ ನಾನು ಹೇಳುತ್ತಿರಲಿಲ್ಲ. ಇದನ್ನು ಮುಚ್ಚಿಡುವುದಿಲ್ಲ.

ಹುಲಿಗೆಮ್ಮ ಬಂದಳು. ಬಾಟಲಿ ಒತ್ತಿ ಬೆರಳ ಮೇಲೆ ಒಂದು ಹನಿ ಬಿಟ್ಟುಕೊಂಡಳು. ತಿಕ್ಕಿದಳು. ಇನ್ನೊಮ್ಮೆ ತಿಕ್ಕಿ ಮೂಗಿನ ಹತ್ತಿರ ಹಿಡಿದಳು. ಹೊನ್ನೂರಪ್ಪ ಬಕೇಟು ಕಲಕುತ್ತಲೇ ಇದ್ದ. ಅವಳು ಬಾಟಲಿಯನ್ನು ಅಷ್ಟೂ ಚರಂಡಿಗೆ ಸುರಿದು, ಮಗ್ಗು ಹಿಡಿದು ಅವನ ಬಳಿ ಬಂದಳು.

"ಅಣ್ಣಾರ, ನಿಮ್ಮ ಬಕೇಟಿಂದು ಒಂದೆರಡು ಮಗ್ಗು ತಗೊಳ್ಳಲೇನು?"

ಗವಿಸಿದ್ದಪ್ಪ ನೋಡುತ್ತ ನಿಂತಿದ್ದ. ಹೊನ್ನೂರಪ್ಪ ಬಕೇಟನ್ನು ಅವಳತ್ತ ಸರಿಸಿದ. "ತಗೋ" ಎಂದ.

ಇಬ್ಬರೂ ಶುರು ಮಾಡಿದರು. ಒಂದೇ ಬಕೇಟಿನ ನೀರು, ಒಂದೇ ಕ್ಲೇಯ ಎರಡು ತುಂಡು. ಅವಳು ಸಣ್ಣ ಸಣ್ಣ ಜಾಗ ಒದ್ದೆ ಮಾಡಿಕೊಂಡು, ಆರುವ ಮುಂಚೆ ಮತ್ತೆ ಸುರಿದು, ಮಡಚಿ ಮಡಚಿ ಹೋಗುತ್ತಿದ್ದಳು. ಹೊನ್ನೂರಪ್ಪನ ಕಣ್ಣು ಟೇಪಿನ ಆಚೆಗೇ ಇತ್ತು. ಅವಳು ಬಾಟಲಿ ಚೆಲ್ಲಿದ್ದೇಕೆ, ತಿಳಿಯಿತೇ, ಈಗ ಹೇಳುವಳೇ, ಕೆಲಸವಾದ ಮೇಲೆ ಹೇಳುವಳೇ. ನೀರು ಎರಚುವುದನ್ನೇ ಮರೆತ. ನನ್ನನ್ನು ಮಡಚುವುದನ್ನೂ ಮರೆತ. ನನ್ನ ಮೈಗೆ ಒಂದು ಅದಿರಿನ ಹರಳು ಕಚ್ಚಿಕೊಂಡಿತು, ಮತ್ತು ಅವನು ಹಾಗೆಯೇ ನನ್ನನ್ನು ಎಳೆದ.

ಗವಿಸಿದ್ದಪ್ಪ ಕೈಗೆ ತೆಳುವಾದ ಪ್ಲಾಸ್ಟಿಕ್ ಕವರು ಹಾಕಿಕೊಂಡು ಬಾನೆಟ್ಟು ಸವರಿದ. ಹಾಗೆ ಸವರಿದರೆ ಉಳಿದ ರವೆ ಚೆನ್ನಾಗಿ ತಾಗುತ್ತದೆ. ಹುಲಿಗೆಮ್ಮನ ಕಡೆ ಕವರು ಸದ್ದಿಲ್ಲದೆ ಜಾರಿತು. ಹೊನ್ನೂರಪ್ಪನ ಕಡೆ ಅಲ್ಲಲ್ಲಿ ತಡೆಯಿತು. ಟಾರ್ಚು ಹಿಡಿದಾಗ ಮೂರು ಸಣ್ಣ ಗೀರುಗಳು ಕಂಡವು.

"ನೀ ಯಾವ ನೀರು ಹಾಕ್ದಿ?" ಎಂದು ಗವಿಸಿದ್ದಪ್ಪ ಅವಳನ್ನು ಕೇಳಿದ.

"ಅಣ್ಣಾರ ಬಕೇಟಿಂದೇ, ಸರ್. ನೀವೇ ನೋಡಿದ್ರಲ್ಲ."

"ಮತ್ತ ನಿನ್ನ ಬಾಟ್ಲಿ?"

"ಕೆಟ್ಟಿತ್ತು. ಚೆಲ್ಲಿದೆ."

ಗವಿಸಿದ್ದಪ್ಪ ಗೀರುಗಳನ್ನು ಪಾಲಿಶ್ ಹಾಕಿ ತೆಗೆಸಿದ. ಹನ್ನೆರಡು ಕಾರು ಹುಲಿಗೆಮ್ಮನ ಕೈಗೆ ಹೋದವು. ಹೊಸ ದ್ರವ ಕೊಳ್ಳುವ ಮಾತು ಅಲ್ಲಿಗೇ ನಿಂತಿತು. ಅಂದಿನಿಂದ ಅವನು ಬಂದವರಿಗೆಲ್ಲ, "ಏನಿಲ್ರಿ, ನಮ್ಮ ಹೊನ್ನೂರಪ್ಪನ ಬಕೇಟಿನ ನೀರು, ಅದ್ರಾಗ ಐತಿ ಎಲ್ಲ" ಎಂದು ಹೇಳತೊಡಗಿದ.

ಸಂಜೆ ನಲ್ಲಿಯ ಹತ್ತಿರ ಹುಲಿಗೆಮ್ಮ ಕೈ ತೊಳೆಯುತ್ತಿದ್ದಾಗ ಹೊನ್ನೂರಪ್ಪ ಹೋಗಿ ನಿಂತ. ನಾನು ಅವನ ಮುಷ್ಟಿಯಲ್ಲಿದ್ದೆ.

"ನಿನಗ ಗೊತ್ತಾಗಿತ್ತು."

"ಹೂಂ. ವಾಸನಿ ಬಂತು."

"ಯಾಕ ಹೇಳ್ಲಿಲ್ಲ?"

"ಮುಂಚೇನ ಹೇಳಿದ್ರ ಸೋಲ್ತೀನಂತ ನೆವ ಹುಡುಕಾಕತ್ಯಾಳ ಅಂತಿದ್ರು. ಅದಕ್ಕ ಗೆದ್ದೆ. ಗೆದ್ದ ಮ್ಯಾಲ ಹೇಳೂದೇನೈತಿ?" ಅವಳು ಸೆರಗಿಗೆ ಕೈ ಒರೆಸಿಕೊಂಡಳು. "ಇನ್ನೊಮ್ಮಿ ನನ್ನ ಬಾಟ್ಲಿ ಮುಟ್ಟಬ್ಯಾಡ್ರಿ ಅಣ್ಣಾರ. ಆಗ ಹೇಳ್ತೀನಿ."

ಕೆಲವು ದಿನಗಳಲ್ಲಿ ಅವಳ ತುಂಡು ಕೈ ಜಾರಿ ಸಿಮೆಂಟಿನ ಮೇಲೆ ಬಿತ್ತು. ನೆಲಕ್ಕೆ ಬಿದ್ದ ಕ್ಲೇಯನ್ನು ಮತ್ತೆ ಬಣ್ಣಕ್ಕೆ ಮುಟ್ಟಿಸುವಂತಿಲ್ಲ, ಮರಳು ಸೇರಿಬಿಡುತ್ತದೆ. ಅವಳು ಅದನ್ನು ಕಸದ ಬುಟ್ಟಿಗೆ ಹಾಕಿದಳು. ನನ್ನದೇ ಮೈಯ ಅರ್ಧ ಹೀಗೆ ಹೋಯಿತು. ನನಗೆ ದುಃಖವಾಗಲಿಲ್ಲ. ಹೊನ್ನೂರಪ್ಪ ನನ್ನನ್ನು ಅವಳತ್ತ ಚಾಚಿ, "ಇದನ್ನ ಇಟ್ಕೋ" ಎಂದಾಗ ಇನ್ನು ನನ್ನ ಕಾಲ ಬಂತು ಎಂದುಕೊಂಡೆ. ಅವಳು ನನ್ನನ್ನು ಹಿಸುಕಿ, ಬೆರಳ ತುದಿಯಿಂದ ಒಳಗೆಲ್ಲ ತಡಕಿದಳು.

"ಇದ್ರಾಗ ಹಳ್ಳು ಐತಿ ಅಣ್ಣಾರ. ಬಣ್ಣಕ್ಕ ಬರಂಗಿಲ್ಲ. ಗಾಲಿಗೆ ಬರ್ತೈತಿ."

ಹೀಗೆ ನಾನು ಬಯಸಿದ ಕೈ ಸಿಕ್ಕಿತು, ಬಯಸಿದ ಕೆಲಸ ಸಿಗಲಿಲ್ಲ. ಒಂದು ಬೇಸಿಗೆ ಗಾಲಿಗಳ ಬ್ರೇಕಿನ ಮಸಿ ಎಳೆದೆ. ಹಳದಿ ಹೋಗಿ ಇದ್ದಿಲ ಬಣ್ಣವಾದೆ. ಮಡಚಲು ಚೊಕ್ಕ ಮುಖ ಉಳಿಯದಾದಾಗ ನನ್ನನ್ನು ಕಿಟಕಿಯ ದಂಡೆಯ ಮೇಲಿಟ್ಟರು. ಈಗಲೂ ಅಲ್ಲಿಯೇ ಇದ್ದೇನೆ, ಬಿಸಿಲಿಗೆ ಗಟ್ಟಿಯಾಗುತ್ತ.

ಮೊನ್ನೆ ಕಂಪನಿಯ ಮ್ಯಾನೇಜರು ಬಂದಿದ್ದರು. ಗವಿಸಿದ್ದಪ್ಪ ಎಂದಿನಂತೆ ಬಕೇಟಿನ ಕಥೆ ತೆಗೆದ. ಹೊನ್ನೂರಪ್ಪ ಪಕ್ಕದಲ್ಲೇ ಬಟ್ಟೆ ಹಿಂಡುತ್ತಿದ್ದ. ಇಷ್ಟು ತಿಂಗಳೂ ಆ ಮಾತು ಬಂದಾಗ ಅವನು ತಲೆ ತಗ್ಗಿಸಿ ಹೊರಗೆ ಹೋಗುತ್ತಿದ್ದ. ಮೊನ್ನೆ ಹೋಗಲಿಲ್ಲ.

"ನೀರಾಗ ಏನಿಲ್ರಿ ಸರ್" ಎಂದ. "ಆಕಿ ಕೈಯಾಗ ಐತಿ. ಆಕಿ ಬಾಟ್ಲಿ ತಾನ ಕೆಟ್ಟಿದ್ದಿಲ್ಲ. ನಾನ ಕೆಡಿಸಿದ್ದೆ. ಆಕಿ ಆರಿಸಿದ ನೀರು ನನ್ನದಕ್ಕಿಂತ ಚಲೋ ಇತ್ತು. ಅದನ್ನ ತರಿಸ್ರಿ."

ಮ್ಯಾನೇಜರು ಗಡಿಯಾರ ನೋಡಿಕೊಂಡರು. ಒಳಗಿದ್ದ ಹುಲಿಗೆಮ್ಮ ಕೈ ನಿಲ್ಲಿಸಿದಳು, ಆಮೇಲೆ ಮತ್ತೆ ಉಜ್ಜತೊಡಗಿದಳು. ಗವಿಸಿದ್ದಪ್ಪ, "ಒಳಗ ಹೋಗಿ ಆಕಿಗೆ ಹೇಳು. ನನಗಲ್ಲ" ಎಂದಷ್ಟೇ ಹೇಳಿದ. ಹೊನ್ನೂರಪ್ಪ ಬಟ್ಟೆ ತಂತಿಗೆ ಹಾಕಿ ಒಳಗೆ ಹೋದ.

ಅವನು ಆ ಹೊಟ್ಟೆಕಿಚ್ಚಿನ ಬೇಗೆಯಿಂದ ಹೊರಗೆ ಬಂದ. ಮನುಷ್ಯ, ಕಾಲಿದೆ, ನಡೆದುಹೋಗಬಲ್ಲ. ನಾನು ಇನ್ನೂ ಬಂದಿಲ್ಲ. ಈಗ ಹುಲಿಗೆಮ್ಮನ ಡಬ್ಬಿಯಲ್ಲಿ ಹೊಸದೊಂದು ಕ್ಲೇ ಇದೆ, ನೀಲಿ ಬಣ್ಣದ್ದು. ಅವಳು ಅದನ್ನು ನೀರಿನ ಮೇಲೆ ತೇಲಿಸುವಾಗ ನಾನು ಕಿಟಕಿಯಿಂದ ನೋಡುತ್ತೇನೆ. ಅದು ಒಮ್ಮೆ ಕೈ ಜಾರಿ ನೆಲಕ್ಕೆ ಬೀಳಲಿ ಎಂದು ಕಾಯುತ್ತೇನೆ.